ಅನ್ವಿತಾ ದೊಡ್ಡವ್ವನ ಹದಿನೇಳು

ಗದಗ
ಫೆಬ್ರವರಿ ೩೦, ೨೧೯೮

ಇಪ್ಪತ್ತೊಂದನೆಯ ಶತಮಾನದ ಮೊದಲರ್ಧದಲ್ಲಿ ಬದುಕಿ ಬಾಳುತ್ತಿರುವ ಹಿರಿಯರಿಗೆ ಫಕೀರವ್ವ ಅಬ್ಬಿಗೇರಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖನ್ನು ನೋಡಿ, ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಮಡಿಸಿ ಬಿಸಾಡಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನಗಳಿವೆ. ಒಂದು ತಿಂಗಳಿಗೆ ಮಾತ್ರ ಇಪ್ಪತ್ತೆಂಟು ದಿನ ಕೊಡುವುದು ಅನ್ಯಾಯವೆಂದು ಯಾರೋ ಹಟ ಹಿಡಿದು, ನಲವತ್ತು ವರ್ಷ ವಾದಿಸಿ, ಜುಲೈ ಮತ್ತು ಆಗಸ್ಟಿನಿಂದ ಒಂದೊಂದು ದಿನ ಕಿತ್ತು ಇದಕ್ಕೆ ಕೊಡಿಸಿದರು. ಇದರಿಂದ ಯಾರಿಗೂ ಏನೂ ಲಾಭವಾಗಲಿಲ್ಲ. ಆ ಎರಡು ತಿಂಗಳ ಮೂವತ್ತೊಂದರಂದು ಹುಟ್ಟಿದವರು ಮಾತ್ರ ಇಂದಿಗೂ ಮುನಿಸಿಕೊಂಡಿದ್ದಾರೆ.

ಈ ಕಾಗದ ನಿಮ್ಮನ್ನು ತಲುಪುವುದು ಹೊತ್ತುಗಂಡಿಯ ಮೂಲಕ. ಹಿಂದಿನ ಕಾಲಕ್ಕೆ ಟಪಾಲು ಹಾಕುವ ಸರ್ಕಾರಿ ಕಿಂಡಿಗೆ ನಾವು ಹಾಗೆನ್ನುತ್ತೇವೆ. ಗದಗಿನ ಹೊತ್ತುಗಂಡಿ ರೈಲ್ವೆ ಸ್ಟೇಷನ್ನಿನ ಪಕ್ಕದಲ್ಲಿದೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಊಟಕ್ಕೆ ಮುಚ್ಚಿರುತ್ತದೆ. ಕಾಲವನ್ನು ಹಿಂದಕ್ಕೆ ತಿರುಗಿಸಲು ಕಲಿತವರು ಊಟದ ಬಿಡುವನ್ನು ಕಡಿಮೆ ಮಾಡಲು ಇನ್ನೂ ಕಲಿತಿಲ್ಲ. ಅಲ್ಲಿಯ ನಿಯಮಗಳು ಕಟ್ಟುನಿಟ್ಟು. ಚುನಾವಣೆ, ಕ್ರಿಕೆಟ್, ಸೈಟಿನ ರೇಟು, ಈ ಮೂರರ ಬಗ್ಗೆ ಒಂದಕ್ಷರ ಬರೆಯುವಂತಿಲ್ಲ. ಮನೆಯವರ ಕಾಯಿಲೆ ಕಸಾಲೆಯ ಬಗ್ಗೆ ಎಷ್ಟು ಬೇಕಾದರೂ ಬರೆಯಬಹುದು. ಅದನ್ನು ಹೇಳಿಕೊಳ್ಳದೆ ಯಾವ ಕಾಲದವರಿಗೂ ಇರಲಾಗದು ಎಂದು ಸರ್ಕಾರಕ್ಕೂ ಗೊತ್ತು. ನನ್ನ ಮಾತಿನಲ್ಲಿ ಅಲ್ಲಲ್ಲಿ ನಿಮಗೆ ತಿಳಿಯದ ಪದಗಳು ಬರುತ್ತವೆ. ಕ್ಷಮಿಸಿ, ಬಂದಬಂದಲ್ಲಿ ಬಿಡಿಸಿ ಹೇಳುತ್ತೇನೆ. ನನ್ನ ಹೆಸರನ್ನು ಕೇಳಿ ಎಂಬತ್ತು ವರ್ಷದ ಮುದುಕಿ ಎಂದುಕೊಳ್ಳಬೇಡಿ. ನನಗೆ ಇಪ್ಪತ್ತೊಂಬತ್ತು. ಫಕೀರವ್ವ, ಮಾಬೂಬಿ, ಕಲ್ಲವ್ವ ಎಂಬುವು ಈಗ ಫ್ಯಾಷನ್ನಿನ ಹೆಸರುಗಳು. ಅನ್ವಿತಾ, ಪ್ರಣವ್ ಎಂಬುವು ಹಲ್ಲು ಬಿದ್ದವರ ಹೆಸರುಗಳು.

ನಾನು ನಮ್ಮ ಊರಿನ ಆಸ್ಪತ್ರೆಯೊಂದರಲ್ಲಿ ನೆತ್ತರುಪಾಠಿ, ಎಂದರೆ ರಕ್ತ ಪರೀಕ್ಷೆ ಮಾಡುವವಳು. ಇಷ್ಟು ಮುಂದಿನ ಕಾಲದಲ್ಲಿ ಎಲ್ಲ ರೋಗವೂ ಒಂದು ಮಾತ್ರೆಯಲ್ಲಿ ಗುಣವಾಗುತ್ತದೆಂದು ನೀವು ಭಾವಿಸಿರಬಹುದು. ನಿರಾಸೆ ಮಾಡಬೇಕಾಗಿ ಬಂದದ್ದಕ್ಕೆ ಮತ್ತೊಮ್ಮೆ ಕ್ಷಮೆ ಕೇಳುತ್ತೇನೆ. ನಮಗೂ ನೆಗಡಿ ಬರುತ್ತದೆ, ಏಳು ದಿನ ಇರುತ್ತದೆ. ನಮ್ಮ ಹೆಂಗಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ. ಬೇಗ ಗೊತ್ತಾದರೆ ಸಣ್ಣ ಆಪರೇಷನ್ನು, ಮುಂದಿನ ಔಷಧ, ಆಮೇಲೆ ಬದುಕು. ನಮ್ಮ ಗೋಡೆಗಳ ಮೇಲೆ ಮೆಣಸಿನಕಾಯಿ ಬೆಳೆಯುತ್ತದೆ, ಅಡುಗೆಮನೆಯ ಕಿಟಕಿಯಿಂದ ಕೈ ಚಾಚಿ ಕಿತ್ತು ಮಿರ್ಚಿ ಭಜಿ ಕರಿಯುತ್ತೇವೆ. ರೈಲುಗಳು ಸದ್ದಿಲ್ಲದೆ ಓಡುತ್ತವೆ. ಸದ್ದಿಲ್ಲದ ರೈಲಿನಿಂದ ನಿದ್ದೆ ಬರುತ್ತಿಲ್ಲವೆಂದು ಸ್ಟೇಷನ್ ರೋಡಿನವರು ಅರ್ಜಿ ಕೊಟ್ಟ ಮೇಲೆ ರೈಲ್ವೆಯವರು ಸುಮ್ಮನೆ ಒಂದು ಕೂಗು ಹಾಕಿಸುತ್ತಾರೆ. ಜೋಳದ ರೊಟ್ಟಿ ಬಡಿಯುವ ಯಂತ್ರ ಆರು ಸಲ ಬಂತು, ಆರು ಸಲವೂ ವಾಪಸ್ಸು ಹೋಯಿತು. ಓಣಿಗೊಂದು ಬೆರಳುಪೆಟ್ಟಿಗೆ ಇದೆ. ಅದು ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಬೆರಳು ಇಟ್ಟರೆ ಒಂದು ಹನಿ ರಕ್ತ ತೆಗೆದುಕೊಂಡು ಹತ್ತಾರು ಅಂಕಿಗಳನ್ನು ಕೊಡುತ್ತದೆ. ಅಂಕಿ ಕೊಡುತ್ತದೆಯೇ ಹೊರತು ಅರ್ಥ ಹೇಳುವುದಿಲ್ಲ. ಅರ್ಥ ಹೇಳುವುದು ವೈದ್ಯರ ಕೆಲಸ. ನೆತ್ತರುಪಾಠಿಗಳೂ ಅರ್ಥ ಹೇಳಬಾರದೆಂದು ಕೆಲಸಕ್ಕೆ ಸೇರುವ ದಿನವೇ ನಮ್ಮಿಂದ ಬರೆಸಿಕೊಳ್ಳುತ್ತಾರೆ. ನಾನು ನಾಲ್ಕು ವರ್ಷದ ಹಿಂದೆ ಆ ಮಾತನ್ನು ಮುರಿದೆ. ಅದರ ಕಥೆಯನ್ನೇ ನಿಮಗೆ ಹೇಳಬೇಕೆಂದು ಕುಳಿತಿದ್ದೇನೆ.

ಅನ್ವಿತಾ ದೊಡ್ಡವ್ವ ನನ್ನ ತಾಯಿಯ ಅಕ್ಕ; ನಾನಿರುವುದು ಅವಳ ಮನೆಯಲ್ಲೇ. ಮೂವತ್ತೈದು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವಳು. ಊರಿನ ಅರ್ಧ ಜನ ಅವಳ ಕೈಯಲ್ಲಿ ಬೆತ್ತದ ಏಟು ತಿಂದವರು ಎನ್ನಬೇಕು, ಆದರೆ ನಮ್ಮ ಕಾಲದಲ್ಲಿ ಬೆತ್ತ ಇಲ್ಲ. ಅವಳು ಬರೀ ಕಣ್ಣಿನಿಂದಲೇ ಆ ಕೆಲಸ ಮುಗಿಸುತ್ತಿದ್ದಳು. ಮನುಷ್ಯರು ಸುಳ್ಳು ಹೇಳುತ್ತಾರೆ, ಅಂಕಿ ಹೇಳುವುದಿಲ್ಲ ಎಂಬುದು ಅವಳ ಧರ್ಮ. ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದರೆ ಎಷ್ಟು ಹೆಚ್ಚಾಗಿದೆ ಎಂದು ಕೇಳುವಳು. ನಿವೃತ್ತಿಯಾಗಿ ಮೂರನೆಯ ವರ್ಷ, ಅರವತ್ತೊಂದನೆಯ ವಯಸ್ಸಿನಲ್ಲಿ, ಒಂದು ದಿನ ಸ್ನಾನ ಮಾಡಿ ಮೈ ಒರೆಸಿಕೊಳ್ಳುವಾಗ ಎಡ ಎದೆಯಲ್ಲಿ ಗಂಟೊಂದು ಅವಳ ಕೈಗೆ ಸಿಕ್ಕಿತು. ನೋವಿರಲಿಲ್ಲ. ಅವಳು ಅದನ್ನು ಅಡಿಕೋಲಿನಿಂದ ಅಳೆದು, ಸುಮಾರು ಎರಡು ಸೆಂಟಿಮೀಟರ್ ಎಂದು ಚೀಟಿಯಲ್ಲಿ ಬರೆದುಕೊಂಡು ಆಸ್ಪತ್ರೆಗೆ ಬಂದಳು. ಸ್ಕ್ಯಾನು ಒಂದೂ ಮುಕ್ಕಾಲು ಎಂದಾಗ ಸ್ಕ್ಯಾನಿನ ಮೇಲೆ ಅವಳಿಗೆ ಅನುಮಾನ ಬಂತು. ಸೂಜಿ ಹಾಕಿ ಗಂಟಿನ ಚೂರು ತೆಗೆದು ನೋಡಿದರು. ಕ್ಯಾನ್ಸರ್ ಎಂದು ಬಂತು. ಗುರುವಾರಕ್ಕೆ ಆಪರೇಷನ್ ಗೊತ್ತಾಯಿತು.

ಆಪರೇಷನ್ ಮಾಡುವವರು ಡಾಕ್ಟರ್ ಮಾಬೂಬಿ ಮುಲ್ಲಾ. ಊರಿನಲ್ಲಿ ಆಕೆಗಿಂತ ಒಳ್ಳೆಯ ಸರ್ಜನ್ ಇಲ್ಲ. ಆದರೆ ಅದಕ್ಕೂ ಮುಂಚೆ ಆಕೆ ನಮ್ಮ ದೊಡ್ಡವ್ವನ ವಿದ್ಯಾರ್ಥಿನಿ. ಏಳನೆಯ ಇಯತ್ತೆಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ನೂರಕ್ಕೆ ಹನ್ನೊಂದು ತೆಗೆದವರು. ಇದನ್ನು ದೊಡ್ಡವ್ವ ಮರೆತಿರಲಿಲ್ಲ. ಡಾಕ್ಟರೂ ಮರೆತಿರಲಿಲ್ಲ. ಮೊದಲ ಭೇಟಿಯಲ್ಲಿ ಪರೀಕ್ಷೆಗೆ ಕುಳಿತವರು ಯಾರು, ಪರೀಕ್ಷೆ ಮಾಡುವವರು ಯಾರು ಎಂದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ.

ಆಪರೇಷನ್ನಿಗೆ ಮುಂಚೆ ರಕ್ತದಲ್ಲಿ ಸುಳಿವುಕಣಗಳನ್ನು ನೋಡುವುದು ನಮ್ಮಲ್ಲಿ ರೂಢಿ. ಕ್ಯಾನ್ಸರಿನ ಗಂಟುಗಳು ಕೆಲವು ಸಲ ರಕ್ತಕ್ಕೆ ಬಿಡುವ ಒಂದು ಬಗೆಯ ಪ್ರೋಟೀನಿಗೆ ನಾವು ಸುಳಿವುಕಣ ಎನ್ನುತ್ತೇವೆ. ನೀವು ಅದನ್ನು ಟ್ಯೂಮರ್ ಮಾರ್ಕರ್ ಎಂದು ಕರೆದು, ಒಂದೊಂದಕ್ಕೂ ಸಿಟಿ ಬಸ್ಸಿನ ನಂಬರಿನಂಥ ಹೆಸರಿಟ್ಟಿದ್ದಿರೆಂದು ಓದಿದ್ದೇನೆ. ಸೋಮವಾರ ದೊಡ್ಡವ್ವನ ರಕ್ತ ನನ್ನ ಮೇಜಿಗೇ ಬಂತು. ಸ್ತನದ ಸುಳಿವುಕಣ ಮೂವತ್ತರೊಳಗಿದ್ದರೆ ಮಿತಿಯೊಳಗೆ. ಅಂಕಿ ಬಂತು: ಹದಿನೇಳು.

ಈ ಅಂಕಿಯ ಅರ್ಥವೇನೆಂದು ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ತರಬೇತಿಯ ಎರಡನೆಯ ವಾರವೇ ಕಲಿಸಿರುತ್ತಾರೆ. ಸಣ್ಣ ಗಂಟುಗಳು ಸಾಮಾನ್ಯವಾಗಿ ರಕ್ತದಲ್ಲಿ ಸುಳಿವು ಬಿಡುವುದಿಲ್ಲ. ಅಂಕಿ ಕಡಿಮೆ ಇದೆಯೆಂದರೆ ಕ್ಯಾನ್ಸರ್ ಇಲ್ಲವೆಂದಲ್ಲ. ಅದನ್ನು ನಾನು ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ. ಆದರೆ ಹೆತ್ತವ್ವನಂಥವಳ ಚೀಟಿಯ ಮೇಲೆ ಮೂವತ್ತು ದಾಟದ ಹದಿನೇಳು ನೋಡಿದಾಗ ತರಬೇತಿ ಎಲ್ಲಿ ಹೋಯಿತೋ. ವರದಿಯನ್ನು ಡಾಕ್ಟರಿಗೆ ಕಳಿಸಿ, ಮೇಲಂಗಿಯನ್ನೂ ಬಿಚ್ಚದೆ ಓಡುತ್ತ ಮನೆಗೆ ಹೋದೆ. ದೊಡ್ಡವ್ವ ಬಾಗಿಲಲ್ಲಿ ಮೆಂತೆ ಸೊಪ್ಪು ಬಿಡಿಸುತ್ತಿದ್ದಳು.

“ದೊಡ್ಡವ್ವ, ಹದಿನೇಳು ಬಂದೈತಿ. ಮೂವತ್ತರೊಳಗ. ನೀ ಪಾಸಾದಿ” ಎಂದೆ.

ಅವಳು ಸೊಪ್ಪನ್ನು ಪಕ್ಕಕ್ಕಿಟ್ಟಳು. ಹದಿನೇಳೋ ಹದಿನೇಳೂವರೆಯೋ ಎಂದು ಕೇಳಿದಳು. ಬರೀ ಹದಿನೇಳು ಎಂದೆ. ಅವಳ ಮುಖದಲ್ಲಿ ಹದಿನೈದು ದಿನದಿಂದ ಇದ್ದ ಬಿಗಿ ನನ್ನ ಕಣ್ಣೆದುರೇ ಸಡಿಲಾಯಿತು. ನನಗೂ ಅಳು ಬಂತು. ಇಬ್ಬರೂ ಮೆಂತೆ ಸೊಪ್ಪಿನ ಮುಂದೆ ಕುಳಿತು ಅತ್ತೆವು.

ಸಂಜೆಯೊಳಗೆ ಬೇಸನ್ ಉಂಡಿ ತಯಾರಾಗಿದ್ದವು. ದೊಡ್ಡವ್ವ ಮನೆಮನೆಗೆ ಹೋಗಿ ಹಂಚಿ, ಸೂಜಿ ತಪ್ಪು ಜಾಗಕ್ಕೆ ಹೋಗಿರಬೇಕು, ಅಂಕಿ ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿ ಬಂದಳು. ಆಸ್ಪತ್ರೆಗೆ ತಾನೇ ಫೋನ್ ಮಾಡಿ ಗುರುವಾರದ ಆಪರೇಷನ್ ಬೇಡವೆಂದಳು. ಡಾಕ್ಟರ್ ಮುಲ್ಲಾ ಗಾಬರಿಯಾಗಿ ಮರಳಿ ಫೋನ್ ಮಾಡಿದರು. ದೊಡ್ಡವ್ವ ಅವರ ಮಾತನ್ನು ಪೂರ್ತಿ ಕೇಳಿ, ಸಮಾಧಾನದಿಂದಲೇ ಉತ್ತರ ಕೊಟ್ಟಳು.

“ಮಾಬೂಬಿ, ನೀ ಹನ್ನೊಂದು ತಗೊಂಡಾಕಿ. ನನಗ ಅಂಕಿ ಹೇಳಿಕೊಡಬ್ಯಾಡ.”

ಇನ್ನು ದೊಡ್ಡಪ್ಪನ ವಿಷಯ. ಪ್ರಣವಪ್ಪ ದೊಡ್ಡಪ್ಪ ಮೃದು ಸ್ವಭಾವದ ಮನುಷ್ಯ. ಹೆಂಡತಿಗೆ ಗಂಟು ಸಿಕ್ಕ ದಿನದಿಂದ ಅವಳ ಪಾಲಿನ ಹೆದರಿಕೆಯನ್ನೂ ತಾನೇ ಹೆದರುತ್ತಿದ್ದವನು. ಹದಿನೇಳರ ಸುದ್ದಿ ಕೇಳಿ ಆನಂದವಾಗಿ, ಸಂಭ್ರಮದಲ್ಲಿ ತನಗೂ ಒಂದು ಅಂಕಿ ಇರಲಿ ಎಂದು ಓಣಿಯ ಬೆರಳುಪೆಟ್ಟಿಗೆಗೆ ಬೆರಳು ಕೊಟ್ಟ. ಸ್ತನದ ಸುಳಿವುಕಣ ಗಂಡಸರ ರಕ್ತದಲ್ಲೂ ಅಷ್ಟಿಷ್ಟು ಇರುತ್ತದೆ. ಅವನದು ನಲವತ್ನಾಲ್ಕು ಬಂತು. ದೊಡ್ಡಪ್ಪ ಆ ಚೀಟಿಯನ್ನು ಎರಡು ಸಲ ಓದಿ, ಮನೆಗೆ ಬಂದು, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ಮುಂದಿನ ನಾಲ್ಕು ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯುವುದಿಲ್ಲ. ಕ್ಯಾನ್ಸರ್ ಇದ್ದವಳು ಉಂಡಿ ತಿಂದು ಓಡಾಡುತ್ತಿದ್ದಳು. ಇಲ್ಲದವನು ಗಂಜಿ ಕುಡಿದು ನರಳುತ್ತಿದ್ದ. ಅವಳು ಅವನಿಗೆ ದಿಂಬು ಸರಿಪಡಿಸುವಳು, ಹಣೆ ಒತ್ತುವಳು, ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು. ಅವನು ತನ್ನ ವಸ್ತುಗಳನ್ನು ಹಂಚಲು ಶುರುಮಾಡಿದ. ಛತ್ರಿ ನನಗೆ ಬಂತು. ಓದುವ ಕನ್ನಡಕ ವಾಚನಾಲಯಕ್ಕೆ. ತಾನು ಮೂವತ್ತು ವರ್ಷ ಬಾರಿಸಿಯೂ ಕಲಿಯಲಾಗದ ಹಾರ್ಮೋನಿಯಮ್ಮನ್ನು ಮಾತ್ರ ಪಕ್ಕದ ಮನೆಯ ಹುಯಿಲಗೋಳರಿಗೆ ಕೊಡಬೇಕೆಂದ. ಹುಯಿಲಗೋಳರಿಗೂ ಅವನಿಗೂ ಮಾತಿಲ್ಲ, ಮತ್ತೇಕೆ ಎಂದು ಕೇಳಿದೆ. ಅವರ ಮೊಮ್ಮಗಳು ಸಂಗೀತ ಕಲಿಯಲು ಹಟ ಹಿಡಿದಿದ್ದಾಳೆ, ಆ ಮನೆಯವರು ಅನುಭವಿಸಲಿ ಎಂದ.

ಗುರುವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೋದಾಗ ಆಪರೇಷನ್ನಿನ ಪಟ್ಟಿಯಲ್ಲಿ ದೊಡ್ಡವ್ವನ ಹೆಸರಿನ ಮೇಲೆ ಗೀಟು ಎಳೆದಿದ್ದರು. ಒಂದು ಸಣ್ಣ ಗೀಟು. ಆ ಗೀಟು ಎಳೆದವಳು ನಾನು. ಪಾಸು ಎಂಬ ಎರಡಕ್ಷರದಿಂದ ಎಳೆದಿದ್ದೆ. ಮಧ್ಯಾಹ್ನದವರೆಗೆ ಯಾರ ರಕ್ತ ನೋಡಿದರೂ ಅದೇ ನೆನಪು. ಕೊನೆಗೆ ಡಾಕ್ಟರ್ ಮುಲ್ಲಾ ಅವರ ಕೋಣೆಗೆ ಹೋಗಿ, ನಿಂತಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ. ಬೈಯುತ್ತಾರೆಂದು ತಲೆ ತಗ್ಗಿಸಿದ್ದೆ. ಅವರು ಬೈಯಲಿಲ್ಲ. ಮೇಜಿನ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕುತ್ತ, ಅಕ್ಕೋರ ಮನೆ ಈಗಲೂ ಅದೇ ಓಣಿಯಲ್ಲಿದೆಯೇ ಎಂದು ಕೇಳಿದರು. ನಿಮ್ಮ ಕಾಲದಂತೆ ನಮ್ಮ ಭಾಗದಲ್ಲಿ ಶಾಲೆಯ ಶಿಕ್ಷಕಿಯರಿಗೆ ಈಗಲೂ ಅಕ್ಕೋರು ಎನ್ನುತ್ತಾರೆ.

ಶುಕ್ರವಾರ ಸಂಜೆ ನಾಲ್ಕಕ್ಕೆ ಡಾಕ್ಟರ್ ಬಂದರು. ಓಣಿಯವರೆಲ್ಲ ಗೋಡೆಯ ಮೆಣಸಿನಕಾಯಿ ಕೀಳುವ ನೆಪದಲ್ಲಿ ಕಿಟಕಿಗೆ ಬಂದು ನಿಂತರು. ದೊಡ್ಡವ್ವ ಅವರನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಉಂಡಿ ಕೊಟ್ಟಳು. ಡಾಕ್ಟರ್ ಅದನ್ನು ಪೂರ್ತಿ ತಿಂದು, ಕೈ ಒರೆಸಿಕೊಂಡು, ತಾನು ವಾದ ಮಾಡಲು ಬಂದಿಲ್ಲ, ಒಂದು ಲೆಕ್ಕ ಬಿಡಿಸಲಾಗುತ್ತಿಲ್ಲ, ಅದಕ್ಕೇ ಬಂದೆ ಎಂದರು. ದೊಡ್ಡವ್ವನ ಕಣ್ಣು ಹೊಳೆಯಿತು. ಅವಳು ಒಳಗಿನಿಂದ ತನ್ನ ಹಳೆಯ ಕಲ್ಲಿನ ಪಾಟಿ ತಂದಳು.

“ನಿಮ್ಮಂಗ ಸಣ್ಣ ಗಂಟಿರೋ ನೂರು ಹೆಣ್ಣಮಕ್ಕಳು ಅದಾರಂತ ತಿಳಕೋರಿ ಅಕ್ಕೋರ” ಎಂದರು ಡಾಕ್ಟರ್. “ನೂರೂ ಮಂದಿಗೆ ಕ್ಯಾನ್ಸರ್ ಇದ್ದದ್ದು ಖರೇ, ಗಂಟು ತಗದು ನೋಡಿದವರು. ಅವರೊಳಗ ಎಂಬತ್ತು ಮಂದಿಗೆ ರಕ್ತದ ಅಂಕಿ ಮೂವತ್ತರೊಳಗ ಇತ್ತು. ಆ ಎಂಬತ್ತರಾಗ ಕ್ಯಾನ್ಸರ್ ಇಲ್ಲದವರು ಎಷ್ಟು ಮಂದಿ?”

ದೊಡ್ಡವ್ವ ಪಾಟಿಯ ಮೇಲೆ ನೂರು ಎಂದು ಬರೆದಳು. ಅದರ ಕೆಳಗೆ ಎಂಬತ್ತು ಬರೆದಳು. ಬಳಪ ಅಲ್ಲಿಯೇ ನಿಂತಿತು. ಎರಡನೆಯ ಇಯತ್ತೆಯ ಮಕ್ಕಳೂ ಬಿಡಿಸುವ ಲೆಕ್ಕ ಅದು. ಅವಳು ಅದನ್ನು ಬಿಡಿಸಲು ತೆಗೆದುಕೊಂಡಷ್ಟು ಹೊತ್ತನ್ನು ಯಾವ ಲೆಕ್ಕಕ್ಕೂ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ. ಕೊನೆಗೆ ಎಂಬತ್ತರ ಕೆಳಗೆ ಒಂದು ಸೊನ್ನೆ ಸುತ್ತಿ, ಪಾಟಿಯನ್ನು ಡಾಕ್ಟರ ಕಡೆ ತಿರುಗಿಸಿದಳು.

ಆಮೇಲೆ ದೊಡ್ಡವ್ವನೇ ಬಳಪ ಕೆಳಗಿಟ್ಟು, ಹಾಗಿದ್ದರೆ ಈ ದರಿದ್ರ ಪರೀಕ್ಷೆಯನ್ನು ಮಾಡುವುದಾದರೂ ಯಾಕೆ ಎಂದು ಕೇಳಿದಳು. ಡಾಕ್ಟರ್ ಬಿಡಿಸಿ ಹೇಳಿದರು. ಅಂಕಿ ಬಹಳ ಏರಿದ್ದರೆ, ಕ್ಯಾನ್ಸರ್ ಎದೆ ಬಿಟ್ಟು ಮೂಳೆಗೋ ಲಿವರಿಗೋ ಹೋಗಿರಬಹುದೇ ಎಂಬ ಅನುಮಾನ ಹುಟ್ಟುತ್ತದೆ. ಕತ್ತಿ ಹಿಡಿಯುವ ಮೊದಲು ಅಲ್ಲೆಲ್ಲ ಹುಡುಕಿ ನೋಡುತ್ತಾರೆ. ಅಂಥವರಲ್ಲಿ ಔಷಧ ಶುರುವಾದ ಮೇಲೆ ಅಂಕಿ ಇಳಿಯಿತೋ ಏರಿತೋ ಎಂದು ತಾಳೆ ನೋಡಲೂ ಅದು ಬೇಕು. ಗಂಟು ಕ್ಯಾನ್ಸರೋ ಅಲ್ಲವೋ ಎಂದು ತೀರ್ಮಾನ ಹೇಳುವ ಅಧಿಕಾರ ಮಾತ್ರ ಅದಕ್ಕಿಲ್ಲ. ಆ ಅಧಿಕಾರ ಗಂಟಿನ ಚೂರಿಗೆ. ದೊಡ್ಡವ್ವನ ಅಂಕಿ ಸುಳ್ಳು ಹೇಳಿರಲಿಲ್ಲ. ತನ್ನನ್ನು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ, ಅಷ್ಟೇ.

ಆಗ ಒಳಗಿನ ಕೋಣೆಯಿಂದ ಕ್ಷೀಣವಾದ ದನಿಯೊಂದು, ಹಾಗಾದರೆ ನಲವತ್ನಾಲ್ಕು ಇದ್ದವರ ಗತಿಯೇನು ಎಂದು ಕೇಳಿತು.

ಡಾಕ್ಟರ್ ಒಳಗೆ ಹೋಗಿ ದೊಡ್ಡಪ್ಪನ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿದರು. ಸುಳಿವುಕಣ ಏರಲು ಕ್ಯಾನ್ಸರೇ ಆಗಬೇಕೆಂದಿಲ್ಲ. ಲಿವರು ಊದಿಕೊಂಡರೂ ಏರಬಹುದು. ಇತ್ತೀಚೆಗೆ ಏನಾದರೂ ಹೊಸ ಔಷಧ ಕುಡಿಯುತ್ತಿದ್ದೀರಾ ಎಂದು ಕೇಳಿದರು. ದೊಡ್ಡಪ್ಪ ಇಲ್ಲವೆಂದ. ಮತ್ತೆ ಕೇಳಿದರು. ದೊಡ್ಡಪ್ಪ ಹೆಂಡತಿಯ ಮುಖ ನೋಡಿದ, ಚಾವಣಿ ನೋಡಿದ, ಆಮೇಲೆ ಹಾಸಿಗೆಯ ಕೆಳಗೆ ಕೈ ಹಾಕಿ ಒಂದು ಕಪ್ಪು ಬಾಟಲಿ ತೆಗೆದುಕೊಟ್ಟ. ಯಾವುದೋ ಊರಿನ ಯಾರೋ ಮಾರಿದ ಕಷಾಯ. ಆರು ತಿಂಗಳಿಂದ ದಿನಕ್ಕೆ ಎರಡು ಸಲ ಕದ್ದು ಕುಡಿಯುತ್ತಿದ್ದನಂತೆ. ಯಾತಕ್ಕೆ ಎಂದು ಡಾಕ್ಟರ್ ಕೇಳಿದಾಗ ಉತ್ತರ ಹೇಳದೆ ತನ್ನ ತಲೆಯನ್ನು ಸವರಿಕೊಂಡ. ನಮ್ಮ ದೊಡ್ಡಪ್ಪನ ತಲೆಯ ಮೇಲೆ ಮೂವತ್ತನೆಯ ವಯಸ್ಸಿನಿಂದ ಒಂದು ಕೂದಲೂ ಇಲ್ಲ.

ದೊಡ್ಡವ್ವ ನಕ್ಕಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಕಿಟಕಿಯ ಹೊರಗಿದ್ದವರೂ ನಕ್ಕರು. ಅಷ್ಟರಲ್ಲಿ ದೊಡ್ಡವ್ವ ನಗು ನಿಲ್ಲಿಸಿ, ಸರಸರನೆ ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ಅವಳು ಒಲೆಯ ಕಡೆ ತಿರುಗಿ ನಿಂತಿದ್ದಳು, ಹೆಗಲು ಅಲುಗುತ್ತಿತ್ತು. ನಾನು ತಪ್ಪಾಯಿತೆಂದು ಹೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿ ನಿಲ್ಲಿಸಿದಳು.

“ನಾ ಅಂಕಿ ನಂಬಿದ್ದಿಲ್ಲ ಫಕೀರಿ. ನಂಗ ಅಂಜಿಕಿ ಇತ್ತು. ನೀ ಪಾಸಂದಿ, ನಾ ಅದನ್ನ ಗಟ್ಟಿ ಹಿಡಕೊಂಡೆ.”

ಅವಳು ಹೆದರಬಲ್ಲಳೆಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಅವಳ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ನಿಂತೆ.

ಮುಂದಿನ ಗುರುವಾರ ಆಪರೇಷನ್ ಆಯಿತು. ಗಂಟಿನ ಜೊತೆ ಕಂಕುಳಿನ ಕೆಲವು ಗ್ರಂಥಿಗಳನ್ನೂ ತೆಗೆದು ನೋಡಿದರು. ಒಂದರಲ್ಲಿ ರೋಗದ ಕಾಳು ಸಿಕ್ಕಿತು. ನಾನು ಡಾಕ್ಟರನ್ನು ಹೊರಗೆ ಕರೆದು, ಈ ಎಂಟು ದಿನ ತಡವಾದದ್ದರಿಂದ ಹೀಗಾಯಿತೇ ಎಂದು ಕೇಳಿದೆ. ಎಂಟು ದಿನದಲ್ಲಿ ಏನೂ ಆಗುವುದಿಲ್ಲ, ಉಂಡಿ ತಿನ್ನುತ್ತ ಎಂಟು ತಿಂಗಳು ಕೂತಿದ್ದರೆ ಬೇರೆ ಮಾತು ಎಂದರು. ಗಂಟಿನ ಅಳತೆ ಎರಡು ಸೆಂಟಿಮೀಟರ್ ಬಂತು. ದೊಡ್ಡವ್ವನಿಗೆ ಎಚ್ಚರವಾದ ಮೇಲೆ ಇದನ್ನು ಹೇಳಿದಾಗ, ನೋವಿನಲ್ಲೂ ಅವಳ ಮುಖದಲ್ಲಿ ಒಂದು ತೃಪ್ತಿ ಕಂಡಿತು. ನನಗೆ ಆಸ್ಪತ್ರೆಯವರು ಹದಿನೈದು ದಿನ ಹೆಸರು ನೋಂದಾಯಿಸುವ ಕಿಟಕಿಯಲ್ಲಿ ಕೂರುವ ಶಿಕ್ಷೆ ಕೊಟ್ಟರು. ಜನರ ಸರತಿಸಾಲು ನೋಡಿಕೊಳ್ಳುವುದಕ್ಕಿಂತ ದೊಡ್ಡ ಶಿಕ್ಷೆ ಯಾವ ಶತಮಾನದಲ್ಲೂ ಇರಲಾರದು.

ಔಷಧ ಆರು ತಿಂಗಳು ನಡೆಯಿತು. ದೊಡ್ಡವ್ವನ ಕೂದಲು ಉದುರಿತು. ಸಂಜೆ ಗಂಡ ಹೆಂಡತಿ ಇಬ್ಬರೂ ಬಾಗಿಲ ಮುಂದಿನ ಕಟ್ಟೆಯ ಮೇಲೆ ಬೋಳು ತಲೆಯಲ್ಲಿ ಕುಳಿತು ಚಹಾ ಕುಡಿಯುವಾಗ, ಹುಯಿಲಗೋಳರು ಮೂವತ್ತು ವರ್ಷದ ಮೌನ ಮುರಿದು, ಜೋಡಿ ಚಲೋ ಕಾಣಸ್ತೈತಿ ಎಂದರು. ಕಷಾಯ ನಿಲ್ಲಿಸಿದ ಮೇಲೆ ದೊಡ್ಡಪ್ಪನ ಅಂಕಿ ಇಪ್ಪತ್ತೆರಡಕ್ಕೆ ಇಳಿಯಿತು. ದೊಡ್ಡವ್ವನ ಕೂದಲು ಮೊದಲಿಗಿಂತ ದಟ್ಟವಾಗಿ ಮರಳಿ ಬಂತು; ದೊಡ್ಡಪ್ಪನದು ಬರಲಿಲ್ಲ. ಅವಳಿಗೆ ಈಗ ಅರವತ್ತೈದು. ವರ್ಷಕ್ಕೊಮ್ಮೆ ಸ್ಕ್ಯಾನಿಗೆ ಹೋಗುತ್ತಾಳೆ. ಅವಳ ಅಂಕಿ ರೋಗವಿದ್ದಾಗಲೂ ಏರಿರಲಿಲ್ಲವಾದ್ದರಿಂದ ಅದರ ಮಾತನ್ನು ಡಾಕ್ಟರ್ ಕೇಳುವುದಿಲ್ಲ, ಕೈಯಿಂದ ಮುಟ್ಟಿ ನೋಡಿ, ಚಿತ್ರ ತೆಗೆದು ನೋಡಿ ಕಳಿಸುತ್ತಾರೆ. ಭಾನುವಾರ ನಮ್ಮ ಓಣಿಯ ಹೆಂಗಸರನ್ನೆಲ್ಲ ಕೂಡಿಸಿ, ಗಂಟನ್ನು ಹುಡುಕಿಕೊಳ್ಳುವುದು ಹೇಗೆಂದು ದೊಡ್ಡವ್ವ ಪಾಠ ಮಾಡುತ್ತಾಳೆ. ತಪ್ಪಿಸಿಕೊಂಡವರ ಮನೆಗೆ ಹೋಗಿ ಕಣ್ಣು ಬಿಟ್ಟು ಬರುತ್ತಾಳೆ.

ಹೊತ್ತುಗಂಡಿಯ ಗುಮಾಸ್ತರು ಕೈ ಬೀಸುತ್ತಿದ್ದಾರೆ, ಊಟಕ್ಕೆ ಮುಚ್ಚುವ ಹೊತ್ತು, ಒಂದು ಗಂಟೆಯಾಗುತ್ತ ಬಂತು. ಇಷ್ಟೆಲ್ಲವನ್ನೂ ನಿಮಗೆ ಯಾಕೆ ಬರೆದೆನೆಂದು ಹೇಳಿ ಮುಗಿಸುತ್ತೇನೆ. ನನ್ನ ಮುತ್ತಜ್ಜಿಯ ಮುತ್ತಜ್ಜಿ ಈಗ ನಿಮ್ಮ ನಡುವೆ ಎಲ್ಲೋ ಇದ್ದಾಳೆ. ಅವಳಿಗೆ ಇನ್ನೂ ಮದುವೆಯಾಗಿಲ್ಲ, ಮಕ್ಕಳಾಗಿಲ್ಲ. ಅವಳ ಹೆಸರು ಹೇಳಲು ನಿಯಮ ಬಿಡುವುದಿಲ್ಲ. ಆದ್ದರಿಂದ ನಿಮ್ಮಲ್ಲಿ ಯಾರು ಅವಳೋ ತಿಳಿಯದೆ ಎಲ್ಲರನ್ನೂ ಕೇಳಿಕೊಳ್ಳುತ್ತಿದ್ದೇನೆ. ಕೈಗೆ ಗಂಟು ಸಿಕ್ಕರೆ ವೈದ್ಯರಿಗೆ ತೋರಿಸಿ. ರಕ್ತದ ಅಂಕಿ ಚೆನ್ನಾಗಿ ಬಂತೆಂದು ಎದ್ದು ಬರಬೇಡಿ, ಕೆಟ್ಟದಾಗಿ ಬಂತೆಂದು ಮಲಗಿಬಿಡಬೇಡಿ. ಅದರ ಅರ್ಥ ಕೇಳಿಕೊಂಡು ಬನ್ನಿ. ಇದು ಪರೋಪಕಾರದ ಮಾತಲ್ಲ. ನೀವು ಬದುಕದಿದ್ದರೆ ನಾನು ಹುಟ್ಟುವುದಿಲ್ಲ.

ನಿಮ್ಮಲ್ಲೊಬ್ಬಳ ಮರಿಮೊಮ್ಮಗಳ ಮರಿಮೊಮ್ಮಗಳು,
ಫಕೀರವ್ವ